ಏಳು ಗಂಟೆಗೆ ಬಂದ ಭಾವ

ನಮ್ಮ ಭಾವನಿಗೆ ಸೈಕಲ್ ಹೊಡೆಯಲು ಬರುತ್ತಿತ್ತು ಎಂದರೆ ಅದು ಪೂರ್ತಿ ನಿಜವಲ್ಲ. ಬರುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಒಮ್ಮೆ ಹತ್ತಿ ಕೂತರೆ ಸಾಕು, ಕೋಲಾರದವರೆಗೂ ತುಳಿದುಕೊಂಡು ಹೋಗುವ ಶಕ್ತಿ ಅವರ ಕಾಲಿಗಿತ್ತು. ತೊಂದರೆ ಇದ್ದದ್ದು ಎರಡೇ ಕಡೆ, ಹತ್ತುವಾಗ ಮತ್ತು ಇಳಿಯುವಾಗ! ಎರಡಕ್ಕೂ ಕಾಲೂರಲು ಅವರಿಗೊಂದು ಕಲ್ಲು ಬೇಕು. ಸರ್ಕಾರದವರು ರಸ್ತೆಯುದ್ದಕ್ಕೂ ಮೈಲಿಗಲ್ಲು ನೆಟ್ಟಿರುವುದು ದೂರ ತೋರಿಸಲಿಕ್ಕೆ ಎಂದು ನೀವು ತಿಳಿದಿದ್ದೀರಲ್ಲವೇ? ನಾನೂ ಹಾಗೇ ತಿಳಿದಿದ್ದೆ. ಭಾವನ ಜೊತೆ ಸೈಕಲ್ಲಿನಲ್ಲಿ ಹೋದ ಮೇಲೆ ಅವು ಯಾರಿಗಾಗಿ ಇವೆ ಎಂಬುದು ಗೊತ್ತಾಯಿತು.

ಇದು ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದಾಗಿನ ಮಾತು. ನಾನಾಗ ಚಿನ್ನದ ಗಣಿಯ ಊರ್ಗಾಂ ಸ್ಟೇಷನ್ನಿನಲ್ಲಿ ಬುಕಿಂಗ್ ಗುಮಾಸ್ತ. ನನ್ನ ಅಕ್ಕನ ಗಂಡನಾದ ಈ ಭಾವ ಗಣಿಯ ಉಗ್ರಾಣದಲ್ಲಿ ಗುಮಾಸ್ತರು. ಅವರ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ, ಬೇತಮಂಗಲದ ರಸ್ತೆಯ ಪಕ್ಕದಲ್ಲೇ ಇತ್ತು. ಕಾಮಸಮುದ್ರದ ಕಡೆಯ ರಾಗಿ ಹೊಲದಿಂದ ಎದ್ದು ಬಂದು ಮೇಜಿನ ಮುಂದೆ ಕೂತವರು ಅವರ ವಂಶದಲ್ಲಿ ಅವರೇ ಮೊದಲಿಗರು. ಕೂತಮೇಲೂ ಅವರಿಗೆ ಅದು ತಮ್ಮದೇ ಕುರ್ಚಿ ಎಂಬ ನಂಬಿಕೆ ಬಂದಿರಲಿಲ್ಲ. ಯಾವಾಗಲೂ ತುದಿಯಲ್ಲೇ ಕೂರುತ್ತಿದ್ದರು.

ನಾವು ಆರು ಜನ ಗುಮಾಸ್ತರು ಸೇರಿ ಒಂದು ಸೈಕಲ್ ತಂಡ ಮಾಡಿಕೊಂಡಿದ್ದೆವು. ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಎದುರಿನ ಹುಣಸೆ ಮರದ ಕೆಳಗೆ ಸೇರುವುದು, ಬಂಗಾರಪೇಟೆಗೋ ಬೇತಮಂಗಲದ ಕೆರೆಗೋ ಹೋಗಿ ಬರುವುದು. ಮುಖಂಡರು ಗಣಿಯ ನಕ್ಷೆ ಆಫೀಸಿನವರು. ಗಣಿಯ ಇಂಗ್ಲಿಷ್ ದೊರೆಗಳ ನಡುವೆ ಓಡಾಡಿದವರಾದ್ದರಿಂದ ಖಾಕಿ ನಿಕ್ಕರು, ಮೊಣಕಾಲು ಮುಟ್ಟುವ ಕಾಲುಚೀಲ, ತಲೆಗೆ ಬೆಂಡಿನ ಟೋಪಿ. ಅವರನ್ನು ನಾವೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದೆವು. ಆ ಹೆಸರು ಅವರೇ ಇಟ್ಟುಕೊಂಡದ್ದು ಎಂಬುದು ಬೇರೆ ಮಾತು!

ಒಂದು ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಲೇ, ನಾನೂ ಬತ್ತೀನಿ ಕಣ್ಲಾ ನಿಮ್ ಜೊತೆ. ಆರು ದಿನ ಮೊಳೆ, ತಿರುಪು ಎಣಿಸಿ ಎಣಿಸಿ ಕಣ್ಣು ಮಂಜಾಗೈತೆ" ಎಂದರು.

ಬಂದರು. ಬಾಡಿಗೆ ಸೈಕಲ್ಲು, ಕಚ್ಚೆಪಂಚೆ. ರೈಲ್ವೆ ಗೇಟಿನ ಹತ್ತಿರ ಪಂಚೆಯ ಅಂಚು ಚೈನಿಗೆ ಸಿಕ್ಕಿಕೊಂಡು ಪರ್ರನೆ ಹರಿಯಿತು. ಯಾರೂ ನಗಲಿಲ್ಲ. ಕ್ಯಾಪ್ಟನ್ ಒಮ್ಮೆ ತಮ್ಮ ಕಾಲುಚೀಲ ಸರಿಮಾಡಿಕೊಂಡರು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೇ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ನಗುವ ಜನರ ಜೊತೆ ನಾವೂ ನಕ್ಕು ಸೇರಿಕೊಂಡುಬಿಡಬಹುದು. ಸುಮ್ಮನಿರುವವರ ಜೊತೆ ಹೇಗೆ ಸೇರುವುದು?

ಭಾವ ಅದಕ್ಕೊಂದು ದಾರಿ ಕಂಡುಕೊಂಡರು. ಮದರಾಸಿನ ಅಂಗಡಿಯೊಂದರ ಕ್ಯಾಟಲಾಗ್ ತರಿಸಿದರು. ಅಲ್ಲಿಂದಾಚೆಗೆ ನನ್ನ ಸ್ಟೇಷನ್ನಿಗೆ ಪಾರ್ಸೆಲ್ಲುಗಳ ಮಳೆ! ನಿಕ್ಕರು ಬಂತು. ಕಾಲುಚೀಲ ಬಂತು. ಇಂಗ್ಲೆಂಡಿನ ಸೀಮೆಯಿಂದ ಬಂದ ಹೊಸ ಸೈಕಲ್ಲೇ ಬಂತು. ಬೆಲೆ ಎಷ್ಟೆಂದು ಮಾತ್ರ ಕೇಳಬೇಡಿ. ಅದು ನಮ್ಮ ಅಕ್ಕನಿಗೆ ಇಂದಿಗೂ ಗೊತ್ತಿಲ್ಲ. ಬೆಂಡಿನ ಟೋಪಿ ಬಂದ ವಾರವೇ ಕ್ಯಾಪ್ಟನ್ ತಲೆಯ ಮೇಲೆ ಬಟ್ಟೆಯ ಕ್ಯಾಪು ಕಾಣಿಸಿಕೊಂಡಿತು. ಭಾವ ಕಾರ್ಬೈಡ್ ದೀಪ ತರಿಸಿದರು. ಹಗಲಿನಲ್ಲಿ ಹೋಗಿ ಹಗಲಿನಲ್ಲೇ ಬರುವವರಿಗೆ ದೀಪ ಯಾಕೆ ಎನ್ನುತ್ತೀರಾ? ಕ್ಯಾಪ್ಟನ್ ಸೈಕಲ್ಲಿಗೆ ಇತ್ತಲ್ಲ! ಆದರೆ ಅದು ಬರುವಷ್ಟರಲ್ಲಿ ಕ್ಯಾಪ್ಟನ್ ದೀಪವನ್ನು ಬಿಚ್ಚಿ ಡೈನಮೋ ಹಾಕಿಸಿದ್ದರು. ಪಾಪ, ನಮ್ಮ ಭಾವ ಯಾವಾಗಲೂ ಒಂದು ಪಾರ್ಸೆಲ್ಲಿನಷ್ಟು ಹಿಂದೆ.

ಹೊಸ ಸೈಕಲ್ಲಿಗೆ ಮೂರು ಗೇರು. ಬಂಗಾರಪೇಟೆ ದಾರಿಯ ದಿಬ್ಬದಲ್ಲಿ ಭಾವ ಯಾವುದೋ ಹಿಡಿಯನ್ನು ಟಕ್ಕೆಂದು ಎಳೆದರು. ಕಾಲುಗಳು ಹೊಲಿಗೆ ಮಷೀನಿನ ಹಾಗೆ ತಿರುಗತೊಡಗಿದವು, ಸೈಕಲ್ಲು ಮಾತ್ರ ಆಮೆಯ ಹಾಗೆ. ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಪಕ್ಕಕ್ಕೆ ಬಂದು ಕೇಳಿದ: "ಸಾಮೇ, ಬಂಡಿ ಇಂದೆ ಒಂದು ಅಗ್ಗ ಕಟ್ಲಾ? ಎತ್ತು ಎಳ್ಕೊಂಡೋಯ್ತವೆ."

"ಬ್ಯಾಡಪ್ಪಾ," ಎಂದರು ಭಾವ ಏದುಸಿರಿನಲ್ಲಿ, "ಇದು ದಿಬ್ಬ ಅತ್ತೋಕೇ ಇರೋ ಗೇರು. ಸೀಮೆಯಿಂದ ಬಂದೈತೆ."

"ಅಂಗಾ! ನಮ್ ದಿಬ್ಬ ಇನ್ನೂ ಅದುಕ್ಕೆ ಗುರುತು ಅತ್ತಿಲ್ಲ ಬುಡಿ" ಎಂದು ಗಾಡಿಯವನು ಮುಂದೆ ಹೋದ.

ಅವತ್ತೇ ಬಂಗಾರಪೇಟೆಯ ಸಂತೆ ಮೈದಾನದಲ್ಲಿ ನಾವೆಲ್ಲ ಸೋಡಾ ಕುಡಿಯಲು ಇಳಿದೆವು. ಭಾವನಿಗೆ ಇಳಿಯಲು ಕಲ್ಲೇ ಸಿಗಲಿಲ್ಲ. ಬೇವಿನ ಮರವೊಂದನ್ನು ಸುತ್ತುತ್ತಲೇ ಇದ್ದರು. ಮರದ ಕೆಳಗೆ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಏಳೆಂಟು ಸುತ್ತು ಕೈಮುಗಿದುಕೊಂಡೇ ನೋಡಿದಳು. ಆಮೇಲೆ ನನ್ನನ್ನು ಕರೆದು, "ಎಷ್ಟು ಸುತ್ತು ಅರಕೆ ಒತ್ತವ್ನಪ್ಪಾ ಆಯಪ್ಪ? ಮಕ್ಕಳಾಗಲಿಲ್ವಾ?" ಎಂದು ಮರುಗಿದಳು.

ಇಷ್ಟಾದರೂ ತಂಡದವರು ಸಹಿಸಿಕೊಂಡಿದ್ದರು. ಕೆಟ್ಟದ್ದು ಆದದ್ದು ಕಾಮಸಮುದ್ರದ ದಾರಿಯಲ್ಲಿ. ಹಳ್ಳಿಯೊಂದರ ಬಳಿ ಮೈಲಿಗಲ್ಲು ಕಂಡು ಭಾವ ನಿಂತರು, ಅವರಿಗಾಗಿ ನಾವೂ ನಿಂತೆವು. ಬೆಂಡಿನ ಟೋಪಿ, ದೀಪ, ಹೊಳೆಯುವ ಸೈಕಲ್ಲು ನೋಡಿ ಹಳ್ಳಿಯವರು ನಾಲ್ಕು ಜನ ಓಡಿಬಂದು ಸೀದಾ ಭಾವನ ಮುಂದೆ ಕೈಮುಗಿದರು. ಯಾರೋ ಸರ್ವೆಗೆ ಬಂದ ದೊರೆ ಎಂದು ತಿಳಿದಿದ್ದರು.

"ದೊರೇ, ನಮ್ ಕೆರೆ ತೂಬು ವಡ್ದೋಗಿ ಎರಡು ವರ್ಸ ಆಯ್ತು. ನೀರೆಲ್ಲಾ ಅಂಗೇ ಅರ್ದೋಯ್ತೈತೆ."

ಕ್ಯಾಪ್ಟನ್ ಮುಂದೆ ಬಂದು, "ಇದೋ ಪಾರಪ್ಪಾ, ಅವರು ದೊರೆ ಅಲ್ಲ..." ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಶುರುಮಾಡಿದರು.

ಹಿರಿಯನೊಬ್ಬ ಅವರ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ನೀನು ವಸಿ ಅತ್ಲಾಗ್ ನಿಂತ್ಕೋಪ್ಪಾ. ಜವಾನ್ರು ಮಧ್ಯ ಮಾತಾಡ್ಬಾರ್ದು. ದೊರೆ ಕೇಳ್ತಾವ್ರಲ್ಲ."

ದೊರೆ ನಿಜವಾಗಿಯೂ ಕೇಳುತ್ತಿದ್ದರು! ತಾವು ದೊರೆಯಲ್ಲ, ಉಗ್ರಾಣದ ಗುಮಾಸ್ತ ಎಂದು ಭಾವ ಎರಡು ಸಲ ಹೇಳಿದರು. ಅವರು ನಂಬಲಿಲ್ಲ. ಸರಿ, ಜೇಬಿನಿಂದ ಪೆನ್ಸಿಲ್ ತೆಗೆದು ತೂಬಿನ ಅಳತೆ, ಯಾರ ಗದ್ದೆ ಎಷ್ಟು ಒಣಗಿತು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಅವರ ಹೆಸರಿನಲ್ಲಿ ತಾವೇ ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಕಳಿಸಿದರಂತೆ. ನಮಗೆ ಅದೆಲ್ಲ ಬೇಕಾಗಿರಲಿಲ್ಲ. ಒಂದು ಗಂಟೆ ಬಿಸಿಲಿನಲ್ಲಿ ನಿಂತಿದ್ದೆವು, ಕ್ಯಾಪ್ಟನ್ ಜವಾನರಾಗಿದ್ದರು.

ಆ ವಾರ ಕ್ಯಾಪ್ಟನ್ ನನ್ನ ಬುಕಿಂಗ್ ಕಿಟಕಿಗೆ ಬಂದರು. ತಂಡದ ಇಬ್ಬರು ಜೊತೆಗಿದ್ದರು.

"ಭಾನುವಾರ ಬೇತಮಂಗಲ. ಆರು ಗಂಟೆಗೆ ಹೊರಡೋದು," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಭಾವನಿಗೆ ಏಳು ಅಂತ ಹೇಳ್ಬಿಡಿ, ಎನ್ನಪ್ಪಾ?"

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಾನು ತುಳಿಯುತ್ತಿದ್ದ ಸೈಕಲ್ಲು ನನ್ನದಲ್ಲ, ಕ್ಯಾಪ್ಟನ್ನರ ಹಳೆಯದು. ಆ ತಂಡದಲ್ಲಿ ನನ್ನ ಜಾಗವೂ ಅಷ್ಟೇ, ಅವರು ಕೊಟ್ಟದ್ದು. ಭಾವನನ್ನು ಕಂಡು ನಾನು ಒಳಗೊಳಗೇ ನಗುತ್ತಿದ್ದೆನಲ್ಲ, ಅವರಿಗಿಂತ ನಾನು ಯಾವ ಮಹಾ ಸೇರಿದವನು? ಅವರು ಪಾರ್ಸೆಲ್ ತರಿಸುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಅವತ್ತೂ ತಲೆಯಾಡಿಸಿದೆ.

ಸಂಜೆ ಅಕ್ಕನ ಮನೆಗೆ ಹೋಗಿ ಏಳು ಗಂಟೆ ಎಂದು ಹೇಳಿಬಂದೆ. ಭಾವ ನನ್ನನ್ನು ಒಂದು ಗಳಿಗೆ ನೋಡಿ, "ಅಂಗೇ ಆಗ್ಲಿ ಕಣ್ಲಾ" ಎಂದರು.

ಭಾನುವಾರ ಆರಕ್ಕೇ ಹೊರಟೆವು. ರಾಬರ್ಟ್‌ಸನ್‌ಪೇಟೆಯಲ್ಲಿ ಭಾವನ ಮನೆಯ ಮುಂದೆಯೇ ಹೋಗಬೇಕು. ಯಾರೂ ಬೆಲ್ಲು ಹೊಡೆಯಲಿಲ್ಲ, ಮಾತಾಡಲಿಲ್ಲ. ಬಾಗಿಲು ಮುಚ್ಚಿತ್ತು. ಬೀದಿಯ ತಿರುವು ದಾಟಿದ ಮೇಲೆ ಯಾರೋ ಕಿಸಕ್ಕೆಂದರು, ನಾನೂ ನಕ್ಕೆ. ಕೆರೆಯ ಏರಿಯ ಮೇಲೆ ಕೂತು ಇಡ್ಲಿ ತಿಂದೆವು. ಎಲ್ಲೂ ನಿಲ್ಲದೆ, ಯಾರಿಗೂ ಕಾಯದೆ ಹೋಗಿಬಂದೆವು.

ಹಿಂತಿರುಗಿದಾಗ ಹತ್ತು ಗಂಟೆ ಮೀರಿತ್ತು. ಹುಣಸೆ ಮರದ ನೆರಳು ಸರಿದುಹೋಗಿತ್ತು. ಆ ಬಿಸಿಲಿನಲ್ಲಿ ಭಾವ ಕೂತಿದ್ದರು. ನಮ್ಮನ್ನು ಕಂಡೊಡನೆ ಧಡಕ್ಕನೆ ಎದ್ದು ನಿಂತರು.

"ತಪ್ಪಾಯ್ತು ಕಣ್ರಪ್ಪಾ. ನಾನೇ ತಡ ಮಾಡ್ಬುಟ್ಟೆ. ನನ್ ದೆಸೆಯಿಂದ ನೀವು ಬಾಳ ಒತ್ತು ಕಾದ್ರೇನೋ?"

ಕ್ಯಾಪ್ಟನ್ ತಮ್ಮ ಬೂಟುಗಳನ್ನೇ ನೋಡುತ್ತ ನಿಂತರು. "ಪರವಾಗಿಲ್ಲ ಸಾರ್" ಎಂದರು.

ನನಗೆ ಎಷ್ಟು ಹಾಯೆನಿಸಿತು ಗೊತ್ತೇ! ಸದ್ಯ, ಭಾವನಿಗೆ ಏನೂ ತಿಳಿದಿಲ್ಲ. ಆ ಹಗುರದಲ್ಲೇ ಮಧ್ಯಾಹ್ನ ಅವರ ಮನೆಗೆ ಊಟಕ್ಕೂ ಹೋದೆ. ಭಾವ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಅಕ್ಕ ತಟ್ಟೆಗೆ ಮುದ್ದೆ ಹಾಕಿದಳು. ಹಾಕಿದ ಮೇಲೆ ಅಲ್ಲೇ ಕೂತಳು.

"ಲೇ ತಮ್ಮಾ, ಬೆಳಿಗ್ಗೆ ಅವ್ರು ಐದಕ್ಕೇ ಎದ್ದು ಬಟ್ಟೆ ಆಕ್ಕೊಂಡು ಕಿಟಕಿ ತಾವ ಕೂತಿದ್ರು. ನೀವು ಕಳ್ಳರಂಗೆ ಓದ್ರಲ್ಲ, ಎಲ್ಲಾ ನೋಡುದ್ರು."

ಹಿತ್ತಲ ಕಡೆ ಒಮ್ಮೆ ನೋಡಿ ಅಕ್ಕ ಮುಂದುವರಿಸಿದಳು.

"ನಾನು 'ಓಗ್ರಿ, ಓಡೋಗಿ ಸೇರ್ಕಳ್ರಿ, ಇಡ್ಕಂಡು ಕೇಳ್ರಿ' ಅಂದೆ. ಅವ್ರು ಏನಂದ್ರು ಗೊತ್ತಾ? 'ಬ್ಯಾಡ ಕಣೇ. ನಾನೀಗ ಓದ್ರೆ ಅವುನು ಸುಳ್ಳು ಏಳ್ದೋನಾಗ್ತಾನೆ. ಅಷ್ಟು ಜನದ ಮುಂದೆ ಹುಡುಗನ ಮುಖ ಏನಾಗ್ಬೇಕು? ಏಳಕ್ಕೆ ಕರ್ದವ್ನೆ, ಏಳಕ್ಕೇ ಓಗ್ತೀನಿ' ಅಂದ್ರು."

ಹಿತ್ತಲ ಬಾಗಿಲಿನಿಂದ ಭಾವ ಒಳಗೆ ಬಂದರು. "ಏನ್ಲಾ, ಇನ್ನೂ ಒಂದು ತುತ್ತೂ ಇಳಿದಿಲ್ಲ? ಸಾರು ಖಾರ ಆಯ್ತಾ?" ಎಂದು ಕೇಳಿ ನನ್ನ ಪಕ್ಕದಲ್ಲೇ ಕೂತರು.

ಆ ವಾರ ನಾನು ಕ್ಯಾಪ್ಟನ್ನರ ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಅವರ ಮನೆಗೆ ಒಪ್ಪಿಸಿ ಬಂದೆ. ಮುಂದಿನ ಭಾನುವಾರ ಬೆಳಗಾಗುತ್ತಲೇ ಊರ್ಗಾಮಿನಿಂದ ನಡೆದುಕೊಂಡು ಹೋಗಿ ಭಾವನ ಬಾಗಿಲು ತಟ್ಟಿದೆ. ಅವರು ಸೈಕಲ್ಲನ್ನು ಹೊರಗೆ ತರುತ್ತ, "ಏನ್ಲಾ, ನಿನ್ ಸೈಕಲ್ಲೆಲ್ಲಿ?" ಎಂದರು.

"ಇಲ್ಲ ಭಾವ. ನಡ್ಕೊಂಡೇ ಬಂದೆ. ಇವತ್ತು ನಾವಿಬ್ರೇ ಓಗಾಣ ಅಂತ."

ಅವರು ನನ್ನನ್ನೊಮ್ಮೆ ನೋಡಿದರು, ಸೈಕಲ್ಲನ್ನೊಮ್ಮೆ ನೋಡಿದರು. ಅದನ್ನು ಹಾಗೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ನಡುಮನೆಯ ಗೋಡೆಗೆ ಒರಗಿಸಿ ಬಂದರು. "ಅಂಗಾದ್ರೆ ನಡ್ಯಾಣ ಬಾ," ಎಂದರು.

ಬೇತಮಂಗಲದ ರಸ್ತೆಯಲ್ಲಿ ನಡೆದೆವು. ಆ ಏಳು ಗಂಟೆಯ ಮಾತನ್ನು ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಭಾವ ತಟ್ಟನೆ ಹೊಲದ ಕಡೆ ಕೈ ತೋರಿಸಿ, "ಅಗೋ ನೋಡ್ಲಾ, ಅವರೆ ಊ ಬಿಟ್ಟೈತೆ" ಎಂದರು. ನೋಡಿದೆ. ನಿಜ, ಅವರೆ ಹೂ ಬಿಟ್ಟಿತ್ತು. ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಬಾಯಿ ತೆರೆದೆ. "ಅಗೋ, ಅತ್ಲಾಗ್ ನೋಡು!" ಎಂದು ಭಾವ ಮತ್ತೆ ಕೈ ಎತ್ತಿದರು.

ಅವರು ತೋರಿಸಿದ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ.