‘ದಿ.’ ಶಾಮಣ್ಣ ಮೇಷ್ಟ್ರು

ಶ್ರೀರಂಗಪಟ್ಟಣದ ನಿವೃತ್ತ ಕನ್ನಡ ಮೇಷ್ಟ್ರು ಶಾಮಣ್ಣನವರು ಬೆಳಗಿನ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ತಾವು ಸತ್ತ ಸುದ್ದಿ ಓದಿದರು. ಹಳೆಯ ವಿದ್ಯಾರ್ಥಿಗಳ ಸಂಘದ ಜಾಲತಾಣದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು: ‘ಇಂದು ಸಂಜೆ ಶಾಲೆಯ ಸಭಾಂಗಣದಲ್ಲಿ ದಿ. ಶಾಮಣ್ಣ ಮೇಷ್ಟ್ರ ಭಾವಚಿತ್ರ ಅನಾವರಣ.’

ಆ ಸಭಾಂಗಣದ ಗೋಡೆಯಲ್ಲೊಂದು ಜಾಗಕ್ಕೆ ಮೇಷ್ಟ್ರು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದರು. ಕೆಲಸದಲ್ಲಿದ್ದಷ್ಟು ದಿನವೂ ಇವರನ್ನು ಗೋಳು ಹೊಯ್ದುಕೊಂಡ ಹೆಡ್‌ಮಾಸ್ಟರು ಅಲ್ಲಿ ಗಂಧದ ಹಾರ ಹಾಕಿಕೊಂಡು ತೂಗುತ್ತಿದ್ದರು. ಅವರ ಪಕ್ಕದಲ್ಲೇ ತೂಗಬೇಕೆಂದು ಮೀಸೆಗೆ ಬಣ್ಣ ಹಚ್ಚಿ ತೆಗೆಸಿದ ಫೋಟೋವನ್ನು, ಸಂಘದವರು ಹಳೆಯ ಮೇಷ್ಟ್ರುಗಳ ಫೋಟೋ ಬೇಕೆಂದಾಗ, ಹೆಂಡತಿ ಪದ್ಮಮ್ಮನ ಕೈಯಲ್ಲಿ ಕಳಿಸಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ದಿವಂಗತರೇ? ಮೈಯೆಲ್ಲ ಉರಿದುಹೋಯಿತು.

ಜಾಲತಾಣ ನೋಡಿಕೊಳ್ಳುವವನು ಕೆ.ಆರ್. ಪೇಟೆಯ ಹಳೆಯ ಶಿಷ್ಯ ಮಹದೇವಸ್ವಾಮಿ. ಅವನಿಗೆ ಫೋನು ಹಚ್ಚಿದರು.

“ಲೋ, ನನ್ನನ್ನ ಯಾವಾಗ ಸಾಯಿಸಿದೆಯೋ?”

“ಸಾ... ನೀವಾ? ಫೋಟೋ ಕೊಡುವಾಗ ಅಮ್ಮಾವ್ರು ‘ಅವ್ರಿಗೆ ಈ ಫೋಟೋ ಬಲು ಇಷ್ಟವಾಗಿತ್ತು’ ಅಂದ್ಬುಟ್ರು. ನಾವು ಅಂಗೇ ತಿಳ್ಕಂಡ್ಬುಟ್ಟೊ. ಈಗ್ಲೇ ತೆಗೀತೀನಿ ಸಾ!”

ಮೇಷ್ಟ್ರು ಅಡುಗೆಮನೆಯ ಕಡೆ ಕೆಂಗಣ್ಣು ಬಿಟ್ಟರು. ಪದ್ಮಮ್ಮ ಕೇಳಿಸದವರ ಹಾಗೆ ಮಿಕ್ಸಿ ಹಾಕಿದರು.

ಸ್ವಲ್ಪ ಹೊತ್ತಿಗೆ ಮಹದೇವಸ್ವಾಮಿಯೇ ಫೋನು ಮಾಡಿದ. “ತೆಗ್ದೆ ಸಾ, ರಿಫ್ರೆಶ್ ಮಾಡಿ.”

ಮಾಡಿದರು. ‘ದಿ.’ ಕದಲಲಿಲ್ಲ. ಹೆಬ್ಬೆರಳು ಸವೆಯುವಷ್ಟು ಮಾಡಿದರು. ಚಕ್ರ ಗಿರಗಿರ ತಿರುಗಿ ಪ್ರತಿ ಸಲವೂ ಅವರನ್ನು ಹೊಸದಾಗಿ ಸಾಯಿಸಿತು. ಮನುಷ್ಯ ಒಂದು ಬೆಳಿಗ್ಗೆಗೆ ಎಷ್ಟು ಸಲ ಅಂತ ಸಾಯಬೇಕು!

ಹಾಲು ಹಾಕಲು ಬಂದ ಪಕ್ಕದ ಬೀದಿಯ ಕರಿಯಪ್ಪ ಇಣುಕಿ ನೋಡಿ, ತನ್ನ ಮೊಬೈಲಿನಲ್ಲೂ ಅದೇ ಪುಟ ತೆಗೆದ.

“ನನ್ ಮೊಬೈಲಲ್ಲಿ ನೀವು ಚೆನ್ನಾಗೇ ಬದ್ಕಿದ್ದೀರಿ ಮೇಷ್ಟ್ರೇ. ನಿಮ್ ಮೊಬೈಲಲ್ಲಿ ಮಾತ್ರ ಓಗ್ಬುಟ್ಟಿದ್ದೀರಿ.”

“ಎಂಥ ಅನ್ಯಾಯವಯ್ಯ! ನಾನೇ ತಂದು, ನಾನೇ ಚಾರ್ಜ್ ಹಾಕೋ ಫೋನು, ನಾನು ಸತ್ತೆ ಅನ್ನುತ್ತಲ್ಲ!”

“ಅದು ಹಳೇ ಪೇಜ್ನೇ ಮಡಿಕಂಡು ತೋರುಸ್ತಾ ಅದೆ. ಅದ್ಕೆ ಕ್ಯಾಶೆ ಅಂತಾರೆ. ಕ್ಲಿಯರ್ ಮಾಡ್ಬುಟ್ರೆ ಸರ್ಯಾಯ್ತದೆ, ಕೊಡಿ ಇಲ್ಲಿ.”

ಕರಿಯಪ್ಪ ಹಾಲಿನ ಕೈಯಲ್ಲೇ ಫೋನು ಕಿತ್ತುಕೊಂಡು, ಕಂಡದ್ದಕ್ಕೆಲ್ಲ ಟಿಕ್ ಹಾಕಿ ಅಳಿಸಿದ. ಮೇಷ್ಟ್ರು ಉಳಿಸಿಟ್ಟುಕೊಂಡಿದ್ದ ಪಾಸ್‌ವರ್ಡುಗಳೆಲ್ಲ ಅದರ ಜೊತೆಗೇ ಹೋದವು. ಹೋಗಲಿ, ಮಾನ ಉಳಿದರೆ ಸಾಕು ಎಂದುಕೊಂಡು ಮೇಷ್ಟ್ರು ಪುಟ ತೆರೆದರು.

‘ದಿ.’ ಇರಲಿಲ್ಲ. ಶಾಮಣ್ಣ ಮೇಷ್ಟ್ರೂ ಇರಲಿಲ್ಲ. ಅವರ ಜಾಗದಲ್ಲಿ ಬಿಂಡಿಗನವಿಲೆಯ ಡ್ರಿಲ್ ಮೇಷ್ಟ್ರು, ‘ದಿ.’ ಸಮೇತ, ಬಂದು ನಿಂತಿದ್ದರು.

“ಏನೋ ಇದು?” ಮೇಷ್ಟ್ರು ಮತ್ತೆ ಫೋನಿನಲ್ಲಿ ಗುಡುಗಿದರು.

“ಆ ಗೋಡೆಗೆ ತೀರ್ಕಂಡೋರ ಫೋಟೋ ಮಾತ್ರ ಸಾ,” ಎಂದ ಮಹದೇವಸ್ವಾಮಿ. “ನೀವು ಬದ್ಕಿದ್ದೀರಿ ಅಂತ ಗೊತ್ತಾದ್ಮೇಲೆ ಕಮಿಟಿಯೋರು ಒಪ್ಲಿಲ್ಲ.”

ಮೇಷ್ಟ್ರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಲೋ ಮಹದೇವಸ್ವಾಮಿ, ಆ ‘ದಿ.’ ಇದ್ರೂ ಪರವಾಗಿಲ್ಲ ಕಣೋ. ವಾಪಸ್ ಹಾಕಿಬಿಡು.”

“ಇನ್ನೆಲ್ಲಿ ಸಾ! ಎಲ್ರೂ ರಿಫ್ರೆಶ್ ಮಾಡ್ಬುಟ್ಟವ್ರೆ.”