ಫ್ರಿಜ್ಜಿನ ಚಪ್ಪಲಿ ಮತ್ತು ಅಳಿಯನ ಮುನಿಸು

ಕೆಲವರಿಗೆ ಹೋದಲ್ಲೆಲ್ಲ ನಾಯಿ ಬೆನ್ನು ಹತ್ತುತ್ತದೆ. ನನಗೆ ಹೋದಲ್ಲೆಲ್ಲ ಸಿಪ್ಪೆ ಸುಲಿದ ವೈರು ಕಾಣಿಸುತ್ತದೆ. ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯಲ್ಲಿ ಕರೆಂಟಿನ ಉಸ್ತುವಾರಿ ನನ್ನದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದು ದಿನವೂ ಗದರುವುದೇ ಉದ್ಯೋಗ. ಅಲ್ಲಿ ನನ್ನ ಮಾತಿಗೆ ಜನ ಹೆದರುತ್ತಾರೆ. ರೈಲು ಹತ್ತಿ ವಿಜಯವಾಡದ ಮಾವನ ಮನೆಗೆ ಬಂದೆನೋ, ದೀಪದ ಬುಡದಲ್ಲೇ ಕತ್ತಲೆ.

ಮಾವನವರು ಮಂಗಳಗಿರಿ ಸೀರೆಗಳ ಸಗಟು ವ್ಯಾಪಾರಿ. ಅವರ ಅಜ್ಜ ರಾಯಚೂರು ಕಡೆಯಿಂದ ಬಂದು ಗವರ್ನರ್‌ಪೇಟೆಯ ಗಲ್ಲಿಯಲ್ಲಿ ಕಟ್ಟಿಸಿದ ಮನೆ. ವೈರಿಂಗೂ ಅಜ್ಜನ ಕಾಲದ್ದೇ. ಅಜ್ಜ ಹೋದರು, ವೈರಿಂಗ್ ಉಳಿಯಿತು.

ಅಡುಗೆಮನೆಯೊಳಗೆ ಚಪ್ಪಲಿ

ನಮ್ಮ ಅತ್ತೆಯವರು ಮಹಾ ಮಡಿವಂತರು. ಚಪ್ಪಲಿ ಗೇಟಿನ ಹತ್ತಿರವೇ ಬಿಡಬೇಕು, ಹಜಾರಕ್ಕೂ ಬರಕೂಡದು. ಅಂಥವರ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮುಂದೆ, ಒಂದು ಜೊತೆ ಹವಾಯಿ ಚಪ್ಪಲಿ ಜೋಡಿಸಿಟ್ಟಿದ್ದು ಕಂಡು ನನಗೆ ಆಶ್ಚರ್ಯವಾಯಿತು. ಯಾರದ್ದು ಎಂದು ಅತ್ತೆಯವರನ್ನು ಕೇಳಿದೆ.

"ಯಾರದ್ದೂ ಅಲ್ಲ, ಅಳಿಯಂದ್ರ. ಫ್ರಿಜ್ಜಿಂದು. ಅವು ಹಾಕ್ಕೊಳ್ದ ಬಾಗ್ಲ ಮುಟ್ಟಿದ್ರ ಕರೆಂಟು ಕಚ್ತದ."

ಮನೆಮಂದಿಯೆಲ್ಲ ಆ ಚಪ್ಪಲಿಯಲ್ಲಿ ಕಾಲು ತೂರಿಸಿ, ಹಾಲು ತೆಗೆದು, ಮತ್ತೆ ಕಳಚಿಟ್ಟು ಹೋಗುತ್ತಿದ್ದರು. ನಾನು ಬಗ್ಗಿ ನೋಡಿದೆ. ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಫ್ರಿಜ್ಜಿನ ಪ್ಲಗ್ಗಿಗೆ ಮೂರು ಪಿನ್ನು. ಹೆಚ್ಚಾದ ಅರ್ಥ್ ಪಿನ್ನನ್ನು ಯಾರೋ ಗರಗಸದಲ್ಲಿ ಕೊಯ್ದು ಹಾಕಿದ್ದರು. ಮನೆಯವರ ಜೀವ ಕಾಯಬೇಕಾದ ಪಿನ್ನದು. ಇದು ಜೀವ ತೆಗೆಯುತ್ತದೆ ಎಂದು ಕೂಗಿದೆ. ಅತ್ತೆಯವರಿಗೆ ಮಾತ್ರ ಚಿಂತೆಯೇ ಇರಲಿಲ್ಲ. ಆ ಚಪ್ಪಲಿ ಬಾಗಿಲಾಚೆ ಕಾಲಿಟ್ಟಿಲ್ಲ, ಆದ್ದರಿಂದ ಮೈಲಿಗೆಯಿಲ್ಲ ಎಂದು ನನಗೆ ಸಮಾಧಾನ ಹೇಳಿದರು.

ಎಂದೂ ಹೋಗದ ಫ್ಯೂಸು

ಆಂಧ್ರ ಎರಡಾಗಿ, ಹೊಸ ರಾಜಧಾನಿ ಪಕ್ಕಕ್ಕೇ ಬರುತ್ತದೆಂದು ಗಲ್ಲಿಯ ಮನೆಗಳೆಲ್ಲ ಬಣ್ಣ ಬಳಿದುಕೊಂಡ ಕಾಲ ಅದು. ಮಾವನವರೂ ಹುರುಪಿನಲ್ಲಿ ಎ.ಸಿ. ತಂದರು. ವೈರು ಮಾತ್ರ ಹಳೆಯದೇ. ಎ.ಸಿ. ಹಾಕಿದಾಗಲೆಲ್ಲ ಫ್ಯೂಸು ಹೋಗುತ್ತಿತ್ತು. ಮುಂದಿನ ಸಲ ನಾನು ಬಂದಾಗ ಎ.ಸಿ. ತಣ್ಣಗೆ ಓಡುತ್ತಿತ್ತು.

ವೈರಿಂಗ್ ಬದಲಿಸಿದಿರಾ ಎಂದೆ. ಮಾವನವರು ಹೆಮ್ಮೆಯಿಂದ ಫ್ಯೂಸಿನ ಡಬ್ಬಿ ತೆಗೆದು ತೋರಿಸಿದರು. ಕೂದಲೆಳೆಯಂಥ ಫ್ಯೂಸ್ ತಂತಿ ಇರಬೇಕಾದಲ್ಲಿ ಸೀರೆಯ ಮೂಟೆಗೆ ಬಿಗಿಯುವ ದಪ್ಪ ಕಬ್ಬಿಣದ ತಂತಿ ಸುತ್ತಿದ್ದರು. ಇದು ಹಾಕಿದ ಮೇಲೆ ಒಂದು ಸಲವೂ ಫ್ಯೂಸು ಹೋಗಿಲ್ಲವಂತೆ. ನಿಜವೇ. ಆ ತಂತಿ ಹೋಗುವುದಕ್ಕೆ ಮುಂಚೆ ಎ.ಸಿ. ಹೋಗುತ್ತದೆ, ಗೋಡೆ ಹೋಗುತ್ತದೆ, ಕಪಾಟಿನಲ್ಲಿರುವ ಸೀರೆಗಳೆಲ್ಲ ಹೋಗುತ್ತವೆ. ಅಷ್ಟೆಲ್ಲ ಹೋದ ಮೇಲೂ ಫ್ಯೂಸು ಇರುತ್ತದೆ.

ಸ್ಟೂಲು ಹತ್ತಿದ ಅಳಿಯ

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ನಾನೇ ಟೆಸ್ಟರ್ ಹಿಡಿದು ಸ್ಟೂಲು ಹತ್ತಿದೆ. ಮನೆಗೆ ಬೆಂಕಿ ಬಿದ್ದರೂ ಅತ್ತೆಯವರು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆಂಧ್ರದಲ್ಲಿ ಅಳಿಯನೆಂದರೆ ಉತ್ಸವಮೂರ್ತಿ. ಕೂರಿಸಬೇಕು, ಉಣಿಸಬೇಕು, ಕೆಲಸ ಹಚ್ಚಬಾರದು. ಇವರು ಕನ್ನಡದವರೇ ಆದರೂ ಈ ವಿಷಯದಲ್ಲಿ ತೆಲುಗಿನವರಿಗಿಂತ ಒಂದು ಕೈ ಮೇಲು. ಸಾಲದ್ದಕ್ಕೆ ಪಕ್ಕದ ಮನೆಯ ಪಿನ್ನಿಗಾರು ಕಿಟಕಿಯಿಂದ ನೋಡಿಬಿಟ್ಟರು. ಇವರು ಗಲ್ಲಿಗೆಲ್ಲ ಚಿಕ್ಕಮ್ಮ. ಒಬ್ಬರ ಮನೆಯ ಅಳಿಯನೆಂದರೆ ಇಡೀ ಗಲ್ಲಿಗೇ ಅಳಿಯ, ಅವನನ್ನು ಸ್ಟೂಲು ಹತ್ತಿಸುತ್ತೀರಾ ಎಂದು ತೆಲುಗಿನಲ್ಲಿ ಅತ್ತೆಯವರನ್ನು ತರಾಟೆಗೆ ತೆಗೆದುಕೊಂಡರು.

ಅತ್ತೆಯವರು ನನ್ನ ಕೈಯಿಂದ ಟೆಸ್ಟರ್ ಕಸಿದು, ತುಪ್ಪ ಸುರಿದ ಹೋಳಿಗೆ ಹಿಡಿಸಿದರು. ಅವರ ಲೆಕ್ಕವೇ ಬೇರೆ: ಅಳಿಯನ ಗೌರವ ಉಳಿಯಲಿ, ತಾವು ಉಳಿಯದಿದ್ದರೂ ಚಿಂತೆಯಿಲ್ಲ.

ಫ್ರಿಜ್ಜಿನ ಆಸ್ಪತ್ರೆ

ಒಂದು ಬೆಳಿಗ್ಗೆ ಎದ್ದು ಕಾಫಿಗೆಂದು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಮುಂದೆ ಗಲ್ಲಿಯ ಹೆಂಗಸರು ಸಾಲಾಗಿ ನಿಂತಿದ್ದರು. ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿಟ್ಟಿದ್ದರು. ಒಬ್ಬೊಬ್ಬರೂ ಬರಿಗಾಲಲ್ಲಿ ಮುಂದೆ ಬಂದು, ಬಾಗಿಲ ಹಿಡಿಗೆ ಬೆರಳು ತಾಗಿಸಿ, "ಹ್ಞಾ" ಎಂದು ಹಿಂದೆ ಸರಿಯುತ್ತಿದ್ದರು.

ಅತ್ತೆಯವರು ವಿವರಿಸಿದರು: "ನನಗ ಕೈ ಜೋಮು ಹಿಡೀತಿತ್ತಲ್ಲ, ಇದನ್ನ ಮುಟ್ಟಿ ಮುಟ್ಟಿ ಹೋಗೇಬಿಡ್ತು. ಆಸ್ಪತ್ರ್ಯಾಗೂ ಹಿಂಗ ಕರೆಂಟ್ ಕೊಡ್ತಾರ. ಇಲ್ಲಿ ಪುಕ್ಕಟ."

ಸಾಲಿನಲ್ಲಿ ಮುಂದಿದ್ದವರು ಪಿನ್ನಿಗಾರು. ಅವರ ಎದೆಗೆ ಸ್ಟೆಂಟ್ ಹಾಕಿದ್ದು ಇಡೀ ಗಲ್ಲಿಗೇ ಗೊತ್ತು. ಆಗಷ್ಟೇ ಸ್ನಾನ ಮಾಡಿ ಒದ್ದೆ ಕಾಲಲ್ಲಿ ಬಂದಿದ್ದರು. ಓಡಿಹೋಗಿ ಪ್ಲಗ್ ಕಿತ್ತೆ. ಪಿನ್ನಿಗಾರು ಹಿಡಿಯನ್ನು ಎರಡು ಸಲ ಸವರಿ ನೋಡಿ, ಇವತ್ತು ಔಷಧಿಯಲ್ಲಿ ಸತ್ವವಿಲ್ಲ ಎಂದರು.

ನಾನು ರೈಲು ಹತ್ತುವ ತನಕ ಫ್ರಿಜ್ ಬಂದ್ ಇತ್ತು. ಹತ್ತಿದ ಮೇಲೆ ಆಸ್ಪತ್ರೆ ಮತ್ತೆ ಶುರುವಾಯಿತೆಂದು ಹೆಂಡತಿಗೆ ಫೋನ್ ಬಂತು.

ಮುನಿಸಿನ ಮಂಚ

ಆಮೇಲೆ ನನಗೆ ನೆಮ್ಮದಿಯೇ ಇಲ್ಲ. ಫೋನ್ ಬಡಿದರೆ ಸಾಕು, ಅತ್ತೆಯವರಿಗೆ ಏನೋ ಆಯಿತೆಂದೇ ಭಯ. ಸಂಕ್ರಾಂತಿಗೆ ಹೋದಾಗ ಒಂದು ಉಪಾಯ ಹೊಳೆಯಿತು. ಈ ಕಡೆ ಅಳಿಯಂದಿರು ಹಬ್ಬಕ್ಕೆ ಬಂದು ಮಂಚದ ಮೇಲೆ ಮುನಿಸಿಕೊಂಡು ಮಲಗುವ ಪದ್ಧತಿಯಿದೆ. ಕೇಳಿದ್ದು ಕೊಡುವವರೆಗೂ ಏಳುವುದಿಲ್ಲ. ಅಂಥ ಭಿಕ್ಷೆ ಬೇಡ ಎಂದು ಮದುವೆಯಲ್ಲಿ ನಾನೇ ತಳ್ಳಿಹಾಕಿದ್ದೆ. ಈಗ ಗೋಡೆಯತ್ತ ಮುಖ ಮಾಡಿ ಮಲಗಿಬಿಟ್ಟೆ.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅಳಿಯನಿಗೆ ಕೊನೆಗೂ ಬುದ್ಧಿ ಬಂತು ಎಂದು ನೆಂಟರೆಲ್ಲ ಸುತ್ತ ಕೂತರು. ಬೈಕೋ, ಉಂಗುರವೋ ಎಂದು ಊಹೆ ನಡೆಯಿತು. ನಾನು ಗೋಡೆಗೇ ಹೇಳಿದೆ: ಮನೆಗೆಲ್ಲ ಹೊಸ ವೈರು, ಹಿತ್ತಲಲ್ಲಿ ಗುಂಡಿ ತೋಡಿ ಅರ್ಥಿಂಗು, ಕರೆಂಟು ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚು.

ಮಾವನವರು ಮಂಚದ ಹತ್ತಿರ ಬಂದು ಬೇಡಿಕೊಂಡರು. "ಬೈಕ್ ಕೇಳ್ರಿ, ಕೊಡಸ್ತೀನಿ. ಗ್ವಾಡಿ ಒಡ್ಯೋದು ಮಾತ್ರ ಕೇಳಬ್ಯಾಡ್ರಿ."

ನಾನು ಏಳಲಿಲ್ಲ. ಎಲೆ ಹಾಕಿದರು, ಬಡಿಸಿದರು, ಅರಿಸೆಲು ಕಜ್ಜಾಯ ಆರಿಹೋದವು. ಹಬ್ಬದ ದಿನ ಅಳಿಯ ಹಸಿದು ಮಲಗಿದ್ದಾನೆಂದರೆ ಗಲ್ಲಿಯಲ್ಲಿ ತಲೆಯೆತ್ತುವಂತಿಲ್ಲ. ಅತ್ತೆಯವರು ಅಳುತ್ತಲೇ ಗಂಡನ ಮೇಲೆ ಸಿಡಿದೆದ್ದರು, ಮನೆಯನ್ನೇ ಕೆಡವಿಸಿಯಾದರೂ ಅಳಿಯನನ್ನು ಎಬ್ಬಿಸಿ ಎಂದರು. ಮಾವನವರು ಒಪ್ಪಿದ ಮೇಲೆಯೇ ನಾನು ಎದ್ದೆ. ಪಾಯಸ ಕುಡಿಯುವಾಗ ನೆಂಟರೊಬ್ಬರು ನನ್ನ ಹೆಂಡತಿಯನ್ನು ಮೆಲ್ಲಗೆ ವಿಚಾರಿಸಿದರಂತೆ, ಮದುವೆಗೆ ಮುಂಚೆ ಹುಡುಗನ ತಲೆ ಸರಿಯಿತ್ತೇ ಎಂದು.

ಔಷಧಿ ಎಲ್ಲಿ ಹೋಯಿತು

ಹೊಸ ವೈರಿಂಗ್ ಆಯಿತು. ಮರುದಿನವೇ ಅತ್ತೆಯವರ ಫೋನು. ಫ್ರಿಜ್ ಮುಟ್ಟಿದರೆ ಸಾಕು, ಟ್ರಿಪ್ ಸ್ವಿಚ್ ಬೀಳುತ್ತದೆ, ಹಾಳು ಸ್ವಿಚ್ ಕೊಡಿಸಿದಿರಿ ಎಂದು ದೂರು. ಸ್ವಿಚ್ ಸರಿಯಿದೆ, ಫ್ರಿಜ್ಜೇ ಕೊಲೆಗಾರ, ಅದನ್ನು ಮನೆಯಿಂದ ಹೊರಗೆ ಹಾಕಿ ಎಂದು ಗದರಿದೆ.

ದಸರೆಗೆ ಹೋದಾಗ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಗುಡಿಗೆ ಹೊರಟ ಜನ ಗಲ್ಲಿಯವರೆಗೂ ತುಂಬಿದ್ದರು. ನಾನು ಅಮ್ಮನವರಿಗೆ ಅಲ್ಲಿಂದಲೇ ಕೈ ಮುಗಿದು ನೆಟ್ಟಗೆ ಅಡುಗೆಮನೆಗೆ ನುಗ್ಗಿದೆ. ಹೊಸ ಫ್ರಿಜ್ ನಿಂತಿತ್ತು. ಮುಂದೆ ಚಪ್ಪಲಿಯಿರಲಿಲ್ಲ. ಅತ್ತೆಯವರು ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಬಾಗಿಲು ತೆಗೆದು ಮೊಸರು ಕೊಟ್ಟರು. ಏನೂ ಆಗಲಿಲ್ಲ. ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಕಣ್ಣಲ್ಲಿ ನೀರೇ ಬಂತು.

ಮೊಸರು ತಿನ್ನುತ್ತಾ, ಹಳೆಯದನ್ನು ಗುಜರಿಗೆ ಹಾಕಿದಿರಾ ಎಂದು ಕೇಳಿದೆ.

"ಅಯ್ಯ, ಗುಜರಿಗ್ಯಾಕ?" ಅಂದರು ಅತ್ತೆಯವರು. "ಪಿನ್ನಿಗಾರು ಬೇಡಿ ಬೇಡಿ ತಗೊಂಡು ಹೋದ್ರು. ಅವರ ಮನ್ಯಾಗ ಹಳೇ ವೈರಿಂಗು ನೋಡ್ರಿ, ಚೊಲೋ ಕೆಲ್ಸ ಮಾಡ್ತದಂತ. ಚಪ್ಪಲಿನೂ ಕೊಟ್ಟೀನಿ."

ಬಟ್ಟಲು ಅಲ್ಲೇ ಬಿಟ್ಟು ಓಡಿದೆ. ಪಿನ್ನಿಗಾರಿಗೆ ಹೆಣ್ಣುಮಕ್ಕಳಿಲ್ಲ, ಮುನಿಸಿಕೊಳ್ಳಲು ಅಳಿಯನೂ ಇಲ್ಲ. ಆದರೆ ಒಬ್ಬರ ಮನೆಯ ಅಳಿಯ ಇಡೀ ಗಲ್ಲಿಗೇ ಅಳಿಯ ಎಂದು ಅವರೇ ತೀರ್ಪು ಕೊಟ್ಟಿದ್ದರಲ್ಲ. ಫ್ರಿಜ್ಜಿನ ಪ್ಲಗ್ ಕಿತ್ತು, ವೈರಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡು, ಅವರ ಹಜಾರದ ಮಂಚ ಹತ್ತಿ, ಗೋಡೆಯತ್ತ ಮುಖ ಮಾಡಿ ಮಲಗಿದೆ.