ಎರಡೂವರೆ ವ್ಯಾಟಿನ ತಗಾದೆ

ನಮ್ಮ ಸೋದರಮಾವನಿಗೆ ಯಾರಾದರೂ ಬಲ್ಬು ತೋರಿಸಿದರೆ ಅದು ಉರಿಯುತ್ತದೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ. ಅದರ ತಡೆ ಎಷ್ಟು ಎಂದು ಕೇಳುತ್ತಿದ್ದರು! ಊರಿನವರೆಲ್ಲ ದೀಪದ ಬೆಳಕಿನಲ್ಲಿ ಊಟ ಮಾಡಿದರೆ ನಮ್ಮ ಮಾವ ದೀಪವನ್ನೇ ಅಳೆದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಇಂಥವರನ್ನು ಹುಚ್ಚರೆನ್ನಬೇಕೋ ಜಾಣರೆನ್ನಬೇಕೋ? ನಾನಂತೂ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ನಾನು ಮದುವೆಯಾಗಿ ಬಂದದ್ದು ಮಾವನ ಊರಾದ, ಬೆಂಗಳೂರಿನ ಹತ್ತಿರದ ವಿಜಯಪುರಕ್ಕೇ, ಅವರ ಮನೆಯಿಂದ ಒಂದೇ ಬೀದಿಯಾಚೆಗೆ. ಹಾಗಾಗಿ ಅವರ ಪ್ರಯೋಗಗಳ ಹೊಗೆ ನಮ್ಮ ಮನೆಗೂ ಬರುತ್ತಿತ್ತು. ಹಿಪ್ಪುನೇರಳೆ ತೋಟ, ರೇಷ್ಮೆ ನೂಲು ತೆಗೆಯುವ ನಾಲ್ಕಾರು ಚರಕ, ಹೇಳಿದ್ದಕ್ಕೆ ಎದುರಾಡುವ ಹೆಂಡತಿ, ಅಂದರೆ ನಮ್ಮ ಅತ್ತೆ. ಗಂಡಸಿಗೆ ಇನ್ನೇನು ಬೇಕು? ಅಷ್ಟರಲ್ಲಿ ಬೀದಿಗೆ ಕರೆಂಟು ಬಂತು. ಆಗ ತಾನೇ ಯುದ್ಧ ಮುಗಿದು, ಮಿಲಿಟರಿಯವರ ಹಳೇ ಸಾಮಾನು ಬೆಂಗಳೂರಿನ ಗುಜರಿಗೆ ಬಂದು ಬಿದ್ದಿತ್ತು. ಸೀರೆ ತರುತ್ತೇನೆಂದು ಅತ್ತೆಗೆ ಹೇಳಿ ಹೋದ ಮಾವ ಎರಡು ಮೀಟರು ತಂದರು. ಸೀರೆಯ ಮೀಟರಲ್ಲ! ಒಂದು ವೋಲ್ಟ್ ಅಳೆಯುವುದು, ಇನ್ನೊಂದು ಆಂಪಿಯರ್ ಅಳೆಯುವುದು.

ಸೂತ್ರ ಹೇಳಿಕೊಟ್ಟವರು ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆ, ಅಂದರೆ ತಂತಿ ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತದೆ ಎಂಬುದು ಓಮ್ ಲೆಕ್ಕದಲ್ಲಿ ಸಿಗುತ್ತದೆ. ಎರಡನ್ನೂ ಗುಣಿಸಿದರೆ ಎಷ್ಟು ಶಕ್ತಿ ಉರಿಯುತ್ತಿದೆ ಎಂಬುದು ವ್ಯಾಟಿನಲ್ಲಿ.

“ಗುಣಾಕಾರ, ಭಾಗಾಕಾರ. ಪ್ರಪಂಚ ಇಷ್ಟೇ ಕಣಮ್ಮ!” ಎಂದರು ಮಾವ ನನಗೆ. ಕೂಡುವುದು ಕಳೆಯುವುದನ್ನು ಅತ್ತೆಗೆ ಬಿಟ್ಟಿದ್ದರು.

ಮೊದಲ ಬಲಿ ಪಡಸಾಲೆಯ ಬಲ್ಬು. ವೋಲ್ಟ್ ಇನ್ನೂರ ಮೂವತ್ತು, ಕರೆಂಟು ಕಾಲು ಆಂಪಿಯರ್. ಭಾಗಿಸಿದರು: ಒಂಬೈನೂರ ಇಪ್ಪತ್ತು ಓಮ್. ಸಂತೋಷ. ಗುಣಿಸಿದರು: ಐವತ್ತೇಳೂವರೆ ವ್ಯಾಟ್. ಮುಖ ಕೆಂಪಾಯಿತು!

“ಬಲ್ಬಿನ ಮೇಲೆ ಅರವತ್ತು ಅಂತ ಬರ್ದವ್ನೆ. ಮಿಕ್ಕ ಎರಡೂವರೆ ವ್ಯಾಟು ಎಲ್ಲೋಯ್ತು?”

ಮಾರನೆಯ ದಿನವೇ ಇದ್ದಿಲ ಹೊಗೆ ಕಾರುವ ಬಸ್ಸು ಹತ್ತಿ, ಬಲ್ಬನ್ನು ಪಂಚೆಯ ಮಡಿಲಲ್ಲಿ ಕೂಸಿನಂತೆ ಹಿಡಿದು ಅದನ್ನು ಕೊಂಡಿದ್ದ ಚಿಕ್ಕಪೇಟೆಯ ಅಂಗಡಿಗೆ ಹೋದರು. ಅಂಗಡಿಯವನು ಎಲ್ಲವನ್ನೂ ಸಾವಧಾನದಿಂದ ಕೇಳಿದನಂತೆ.

“ಯಜಮಾನ್ರೇ, ಇಲ್ಲಿಂದ ತಗೊಂಡೋಗುವಾಗ ಬಸ್ಸು ಕುಲುಕಿ ದಾರೀಲಿ ಚೆಲ್ಲೋಗಿರ್ಬೇಕು.”

ನೀವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಿರಿ. ಮಾವ ದಾರಿಯುದ್ದಕ್ಕೂ ಯೋಚಿಸಿ, ಮನೆಗೆ ಬಂದು, “ಅವನು ಬುದ್ಧಿವಂತ ಕಣೇ! ದಾರೀಲಿ ಚೆಲ್ಲೋದು ನಿಜ. ಬಸ್ಸಲ್ಲಲ್ಲ, ತಂತೀಲಿ!” ಎಂದು ಅತ್ತೆಗೆ ಸಾರಿದರು.

ಆಮೇಲೆ ಕರೆಂಟಿನ ಒಲೆ ಬಂತು. ಬಂದ ಕೆಲವೇ ವಾರದಲ್ಲಿ ಅದರ ಸುರುಳಿ ತಂತಿ ತುಂಡಾಯಿತು. ಮಾವ ಕರಕಲು ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು ಗಂಟು ಹಾಕಿದರು. ಸ್ವಿಚ್ಚು ಹಾಕಿದರೆ ಒಲೆ ಮೊದಲಿಗಿಂತ ಕೆಂಪಗೆ ಕಾಯಬೇಕೆ! ಅನ್ನ ತಳ ಹಿಡಿಯಿತು, ಫ್ಯೂಸು ಹಾರಿತು.

“ತಂತಿ ಗಿಡ್ಡ ಆದ್ರೆ ತಡೆ ಕಮ್ಮಿ ಆಗ್ತದೆ. ತಡೆ ಕಮ್ಮಿ ಆದ್ರೆ ಕರೆಂಟು ಜಾಸ್ತಿ ನುಗ್ತದೆ, ಶಾಖಾನೂ ಜಾಸ್ತಿ,” ಎಂದು ಮಾವ ಸೀದ ಅನ್ನದ ಮುಂದೆ ಕುಳಿತು ವಿವರಿಸಿದರು.

“ಕಮ್ಮಿಯಾದ್ರೆ ಜಾಸ್ತಿ ಆಗ್ತದೇನು?” ಎಂದರು ಅತ್ತೆ. “ಸರಿ, ನಾಳೆಯಿಂದ ಕಾಫಿಪುಡಿ ಕಮ್ಮಿ ಹಾಕ್ತೀನಿ. ಗಟ್ಟಿಯಾಗಿರ್ತದೆ, ಕುಡೀರಿ.”

ಒಂದು ವಾರ ಬಿಸಿನೀರು ಕುಡಿದರು ಪಾಪ!

ಹೀಗಿರುವಾಗ ಅಜ್ಜಿಯ, ಅಂದರೆ ಮಾವನ ತಾಯಿಯ, ಕಣ್ಣಿನ ಆಪರೇಷನ್ ಆಯಿತು. ಪೊರೆ ಬಂದು ಅದೆಷ್ಟೋ ವರ್ಷಗಳಿಂದ ಅಜ್ಜಿಗೆ ನಾವೆಲ್ಲ ಬರೀ ದನಿಗಳಾಗಿದ್ದೆವು. ಬೇಡವೆಂದವರನ್ನು ಒಪ್ಪಿಸಿ ಬೆಂಗಳೂರಿಗೆ ಕರೆದೊಯ್ದವರು ಮಾವನೇ. ಕಟ್ಟು ಬಿಚ್ಚಿ, ದಪ್ಪ ಕನ್ನಡಕ ಹಾಕಿ ಮನೆಗೆ ಕರೆತಂದರು. ಆದರೆ ದೀಪ ಹಾಕಿದೊಡನೆ ಅಜ್ಜಿ ಚೀರಿ, ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೀಮೆಎಣ್ಣೆ ಬುಡ್ಡಿ ಹಚ್ಚೋಣವೆಂದರೆ ಹೊಗೆ ತಾಕಬಾರದೆಂದು ಡಾಕ್ಟರ ಅಪ್ಪಣೆ. ಸಣ್ಣ ಬಲ್ಬು ಊರಿನಲ್ಲೆಲ್ಲೂ ಇಲ್ಲ.

“ನಂಗೆ ಕತ್ಲೇ ವಾಸಿ ಕಣಪ್ಪ. ಸುಮ್ನೆ ಕುಯ್ಯಿಸ್ದೆ,” ಎಂದು ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದರು.

ಮಾವ ಅಂದು ಊಟ ಮಾಡಲಿಲ್ಲ, ಮೀಟರುಗಳನ್ನೂ ಮುಟ್ಟಲಿಲ್ಲ. ಮಾರನೆಯ ದಿನ ಸಂಜೆ ನಾನು ಹೋದಾಗ ಅಜ್ಜಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ತಂತಿ ಎಳೆಯುತ್ತಿದ್ದರು. ಒಂದು ಬಲ್ಬನ್ನು ದಾಟಿ ಬಂದ ಕರೆಂಟು ಇನ್ನೊಂದನ್ನೂ ದಾಟಿ ಹೋಗುವಂತೆ, ಎರಡು ಬಲ್ಬು ಸಾಲಾಗಿ.

“ಎರಡು ದೀಪಾನಾ? ಅವ್ವಂಗೆ ಒಂದೇ ತಡ್ಯಾಕಾಗ್ತಿಲ್ಲ!” ಎಂದರು ಅತ್ತೆ.

“ಒಬ್ಬರ ಹಿಂದೆ ಒಬ್ಬರು ಅಡ್ಡ ನಿಂತ್ರೆ ತಡೆ ಎರಡರಷ್ಟು. ಕರೆಂಟು ಅರ್ಧ, ಒಂದೊಂದಕ್ಕೆ ಸಿಗೋ ವೋಲ್ಟೂ ಅರ್ಧ. ಅರ್ಧವನ್ನ ಅರ್ಧದಿಂದ ಗುಣಿಸಿದ್ರೆ ಕಾಲು. ಹೆಚ್ಚುಕಮ್ಮಿ ಕಾಲು ಭಾಗ ಶಕ್ತಿ ಅಷ್ಟೇ,” ಎಂದರು ಮಾವ.

ಸ್ವಿಚ್ಚು ಹಾಕಿದರು. ಬಲ್ಬಿನೊಳಗಿನ ಎಳೆ ಬೂದಿ ಮುಚ್ಚಿದ ಕೆಂಡದಂತೆ ಕಂಡಿತು. ಗೋಡೆಗಳು ಅರಿಶಿನ ಬಣ್ಣಕ್ಕೆ ತಿರುಗಿದವು. ಮಾವ ಅಜ್ಜಿಯ ಪಕ್ಕದಲ್ಲಿ ಕುಳಿತು, “ಅವ್ವ, ಒಂದ್ಸಲ ನೋಡವ್ವ,” ಎಂದರು.

ಅಜ್ಜಿ ಸೆರಗನ್ನು ಮೆಲ್ಲಗೆ ಇಳಿಸಿದರು. ಕಣ್ಣು ಕಿರಿದು ಮಾಡಿದರು, ಆಮೇಲೆ ಬಿಟ್ಟರು. ದೀಪದ ಕಡೆ ನೋಡಲೇ ಇಲ್ಲ. ಮಗನ ಮುಖವನ್ನು ಬಹಳ ಹೊತ್ತು ನೋಡಿ, ಕೈಚಾಚಿ ತಲೆ ಸವರಿದರು.

“ಯಾವಾಗ್ಲೋ ಮಗಾ, ನಿನ್ ತಲೆಯೆಲ್ಲ ಇಷ್ಟು ಬೆಳ್ಳಗಾಗಿದ್ದು?”

ನನ್ನ ಮದುವೆಯ ಹೊತ್ತಿಗೇ ಮಾವನ ತಲೆ ಹಿಂಜಿದ ಹತ್ತಿಯಂತಿತ್ತು.

“ಈಗೀಗ ಕಣವ್ವ,” ಎಂದರು ಮಾವ. “ಮೊನ್ನೆ ಮೊನ್ನೆ.”

ಅತ್ತೆ ನನ್ನ ಮುಖ ನೋಡಿದರು.